ಕೊಳವೆಯಲ್ಲಿ ಕಡಿಮೆ, ಮೈಯಲ್ಲಿ ಸರಿ: ಫ್ಯಾಕ್ಟರ್ ವರದಿ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯಕ್ಕೆ ಸೇರಿದವು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳ ಮಟ್ಟ ಮತ್ತು ಆ ಮಟ್ಟವನ್ನು ಕೆಡಿಸುವ, ಇಲ್ಲವೇ ಕೆಟ್ಟಿರುವಂತೆ ತೋರಿಸುವ ಸ್ವಪ್ರತಿಕಾಯಗಳು, ಅಂದರೆ ನಮ್ಮ ದೇಹವೇ ತನ್ನ ವಿರುದ್ಧ ತಯಾರಿಸಿಕೊಳ್ಳುವ ಪ್ರತಿಕಾಯಗಳು, ಐದರಲ್ಲೂ ಬಂದಿವೆ. ಆದ್ದರಿಂದ ಐದನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಶಾಲಾ ಶಿಕ್ಷಕಿ, ವಯಸ್ಸು 31. ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅದಕ್ಕೆ ಮೊದಲು ಮಾಡಿಸಿದ ಪರೀಕ್ಷೆಯಲ್ಲಿ ಎಪಿಟಿಟಿ, ಅಂದರೆ ಹೆಪ್ಪುಗಟ್ಟಲು ಹಿಡಿಯುವ ಸಮಯ, 68 ಸೆಕೆಂಡ್ ಬಂತು. ಮುಂದಿನ ಪರೀಕ್ಷೆಯಲ್ಲಿ ಫ್ಯಾಕ್ಟರ್ 8 ಶೇ. 24, ಫ್ಯಾಕ್ಟರ್ 9 ಶೇ. 31, ಫ್ಯಾಕ್ಟರ್ 11 ಶೇ. 18, ಫ್ಯಾಕ್ಟರ್ 12 ಶೇ. 12 ಎಂದು ವರದಿ ಬಂದಿದೆ. ಇದು ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ರೋಗ, ಪ್ಲಾಸ್ಮಾ (ರಕ್ತದ ದ್ರವಭಾಗ) ಏರಿಸದೆ ಕತ್ತರಿ ಹಾಕುವಂತಿಲ್ಲ ಎಂದು ಒಂದು ಆಸ್ಪತ್ರೆಯಲ್ಲಿ ಹೇಳಿದರು. ನನಗೆ ಹಲ್ಲು ಕೀಳಿಸಿದಾಗಲೂ ಹೆಚ್ಚು ರಕ್ತ ಹೋಗಿಲ್ಲ. ಮೂರು ವರ್ಷಗಳ ಹಿಂದೆ ಐದನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಗ ವಿಡಿಆರ್‌ಎಲ್ ಎಂಬ ಸಿಫಿಲಿಸ್ (ಲೈಂಗಿಕ ರೋಗ) ಪರೀಕ್ಷೆ ಪಾಸಿಟಿವ್ ಬಂದು ಮನೆಯಲ್ಲಿ ಬಹಳ ಮಾತಾಯಿತು. ಪತಿಯ ವರದಿ ನೆಗೆಟಿವ್ ಇತ್ತು. ನನಗೆ ಆಗಿರುವುದೇನು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವರದಿಯ ಅಂಕಿಗಳಿಗಿಂತ ನಿಮ್ಮ ಬದುಕಿನ ಮೂರು ಸಂಗತಿಗಳು ನನಗೆ ಹೆಚ್ಚು ಮುಖ್ಯವಾಗಿ ಕಂಡವು: ಎಂದೂ ಅತಿಯಾಗಿ ರಕ್ತ ಹೋಗದಿರುವುದು, ಐದನೆಯ ತಿಂಗಳಲ್ಲಿ ಮಗುವನ್ನು ಕಳೆದುಕೊಂಡದ್ದು, ಮತ್ತು ಪತಿಗೆ ಇಲ್ಲದ ಆ ವಿಡಿಆರ್‌ಎಲ್ ಪಾಸಿಟಿವ್. ಈ ಮೂರನ್ನೂ ನಿಮ್ಮ 68 ಸೆಕೆಂಡಿನ ಪಕ್ಕದಲ್ಲಿಟ್ಟು ನೋಡಿದರೆ ಹಿಮೋಫಿಲಿಯಾ ದೂರ ಸರಿದು, ಫಾಸ್ಫೋಲಿಪಿಡ್ ವಿರೋಧಿ ಪ್ರತಿಕಾಯಗಳು ಎಂಬ ಬೇರೆಯೇ ಸಮಸ್ಯೆ ಹತ್ತಿರ ಬರುತ್ತದೆ. ಪತ್ರ ಓದಿ ರೋಗವನ್ನು ಖಚಿತಪಡಿಸಲು ಬರುವುದಿಲ್ಲ. ಆದರೆ ಯಾವ ದಿಕ್ಕಿನಲ್ಲಿ ಹುಡುಕಬೇಕೆಂಬುದನ್ನು ಹೇಳಬಹುದು.

ಎಪಿಟಿಟಿ ಪರೀಕ್ಷೆಯಲ್ಲಿ ನಿಮ್ಮ ಪ್ಲಾಸ್ಮಾಕ್ಕೆ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಂಶವಿರುವ ದ್ರಾವಣ, ಸಂಪರ್ಕದಿಂದ ಕ್ರಿಯೆಯನ್ನು ಆರಂಭಿಸುವ ಒಂದು ಪದಾರ್ಥ ಮತ್ತು ಕ್ಯಾಲ್ಸಿಯಂ ಬೆರೆಸಿ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕೆಂದು ಅಳೆಯುತ್ತಾರೆ. ಬಹುತೇಕ ಪ್ರಯೋಗಾಲಯಗಳಲ್ಲಿ ಇದು ಸುಮಾರು 25ರಿಂದ 35 ಸೆಕೆಂಡ್. ಮೈಯೊಳಗೆ ಫ್ಯಾಕ್ಟರ್‌ಗಳು ಒಂದರ ಮೇಲೊಂದು ಕೆಲಸ ಮಾಡಲು ಪ್ಲೇಟ್‌ಲೆಟ್‌ಗಳ ಪೊರೆ ಅಂಗಳದಂತೆ ಒದಗುತ್ತದೆ. ಕೊಳವೆಯಲ್ಲಿ ಆ ಅಂಗಳದ ಜಾಗದಲ್ಲಿರುವುದು ಈ ಫಾಸ್ಫೋಲಿಪಿಡ್. ನಿಮ್ಮಂಥವರ ರಕ್ತದಲ್ಲಿರುವ ಪ್ರತಿಕಾಯಗಳು, ಬೀಟಾ-2 ಗ್ಲೈಕೋಪ್ರೋಟೀನ್ ಮತ್ತು ಪ್ರೋಥ್ರಾಂಬಿನ್ ಎಂಬ ಪ್ರೋಟೀನುಗಳ ಜೊತೆಗೂಡಿ, ಆ ಅಂಗಳವನ್ನು ತಾವೇ ಆವರಿಸಿಕೊಂಡುಬಿಡುತ್ತವೆ. ಫ್ಯಾಕ್ಟರ್‌ಗಳಿಗೆ ನಿಲ್ಲಲು ಜಾಗ ಸಿಗದೆ ಕೊಳವೆಯಲ್ಲಿ ಹೆಪ್ಪು ತಡವಾಗುತ್ತದೆ. ಅದೇ ಪ್ರತಿಕಾಯಗಳು ಮೈಯೊಳಗೆ ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ, ಬೇಡದ ಕಡೆ ಹೆಪ್ಪುಗಟ್ಟಿಸುತ್ತವೆ. ಕೊಳವೆಯಲ್ಲಿ ಕಾಣುವುದಕ್ಕೂ ಮೈಯಲ್ಲಿ ನಡೆಯುವುದಕ್ಕೂ ಇರುವ ಈ ತಿರುವುಮುರುವು ವೈದ್ಯರನ್ನೂ ಬಹಳ ಕಾಲ ದಾರಿ ತಪ್ಪಿಸಿದೆ. 1972ರಲ್ಲಿ ಫೈನ್‌ಸ್ಟೈನ್ ಮತ್ತು ರಾಪಪೋರ್ಟ್ ಎಂಬ ವೈದ್ಯರು ಇದಕ್ಕೆ ಇಟ್ಟ ‘ಲೂಪಸ್ ಆ್ಯಂಟಿಕೊಯಾಗ್ಯುಲಂಟ್’ ಎಂಬ ಹೆಸರೇ ಎರಡು ಬಗೆಯಲ್ಲಿ ಹೊಂದುವುದಿಲ್ಲ: ಈ ಪ್ರತಿಕಾಯ ಇರುವ ಬಹಳ ಮಂದಿಗೆ ಲೂಪಸ್ ರೋಗ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ಎರಗುವ ರೋಗ) ಇರುವುದಿಲ್ಲ, ಮೈಯಲ್ಲಿ ಅದು ಹೆಪ್ಪನ್ನು ತಡೆಯುವುದೂ ಇಲ್ಲ. ಹೆಪ್ಪು, ಗರ್ಭನಷ್ಟ ಮತ್ತು ಈ ಪ್ರತಿಕಾಯಗಳು ಒಂದೇ ರೋಗದ ಮುಖಗಳೆಂದು 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ವಿವರಿಸಿದರು.

ಈಗ ನಿಮ್ಮ ನಾಲ್ಕು ಅಂಕಿಗಳಿಗೆ ಬರೋಣ. ಫ್ಯಾಕ್ಟರ್ ಮಟ್ಟ ಸಾಮಾನ್ಯವಾಗಿ ಶೇ. 50ರಿಂದ 150ರವರೆಗೆ ಇರುತ್ತದೆ. ಹುಟ್ಟಿನಿಂದ ಬರುವ ಹಿಮೋಫಿಲಿಯಾದಲ್ಲಿ ಒಂದೇ ಫ್ಯಾಕ್ಟರ್ ಕಡಿಮೆ ಇರುತ್ತದೆ. ಎಂಟು, ಒಂಬತ್ತು, ಹನ್ನೊಂದು, ಹನ್ನೆರಡು ನಾಲ್ಕೂ ಒಟ್ಟಿಗೆ ಕುಸಿದು, ವ್ಯಕ್ತಿ ಹಲ್ಲು ಕೀಳಿಸಿಕೊಂಡು ಆರಾಮಾಗಿ ಮನೆಗೆ ಬರುವುದು ಆಗದ ಮಾತು. ಈ ನಾಲ್ಕನ್ನೂ ಎಪಿಟಿಟಿ ವಿಧಾನದಿಂದಲೇ ಅಳೆಯುತ್ತಾರೆ. ಒಂದು ನಿರ್ದಿಷ್ಟ ಫ್ಯಾಕ್ಟರ್ ಇಲ್ಲದ ಪ್ಲಾಸ್ಮಾಕ್ಕೆ ನಿಮ್ಮ ಪ್ಲಾಸ್ಮಾವನ್ನು ತೆಳು ಮಾಡಿ ಬೆರೆಸಿ, ಹೆಪ್ಪುಗಟ್ಟುವ ಸಮಯದಿಂದ ಮಟ್ಟವನ್ನು ಲೆಕ್ಕ ಹಾಕುತ್ತಾರೆ. ತೆಳುವಾದ ಪ್ಲಾಸ್ಮಾದಲ್ಲೂ ಪ್ರತಿಕಾಯ ಬಲವಾಗಿ ಉಳಿದಿದ್ದರೆ ಅದು ಅಲ್ಲಿಯೂ ಅಂಗಳವನ್ನು ಆಕ್ರಮಿಸುತ್ತದೆ. ಯಂತ್ರವು ಆ ವಿಳಂಬವನ್ನು ಫ್ಯಾಕ್ಟರ್ ಕೊರತೆ ಎಂದು ಓದುತ್ತದೆ. ನಾಲ್ಕು ಫ್ಯಾಕ್ಟರ್ ಅಳೆದರೆ ನಾಲ್ಕೂ ಕಡಿಮೆ ಬರುತ್ತವೆ.

ಇದನ್ನು ಬಯಲಿಗೆಳೆಯುವ ಉಪಾಯ ಬಹಳ ಸರಳ. ಸರಳವಾಗಿದ್ದರೂ ಎಷ್ಟೋ ಕಡೆ ಮಾಡುವುದಿಲ್ಲ ಎಂಬುದು ನನ್ನ ಬೇಸರ. ಅದೇ ಪ್ಲಾಸ್ಮಾವನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು, ಎಂಬತ್ತು ಪಟ್ಟು ತೆಳು ಮಾಡಿ ಪ್ರತಿ ಸಲವೂ ಲೆಕ್ಕ ಹಾಕಬೇಕು. ಕೊರತೆ ನಿಜವಾಗಿದ್ದರೆ ಎಲ್ಲ ಸಲವೂ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ. ಪ್ರತಿಕಾಯದ ಅಡ್ಡಿಯಾಗಿದ್ದರೆ ತೆಳುವಾದಂತೆ ಅಡ್ಡಿಯೂ ಕ್ಷೀಣಿಸಿ, ಉದಾಹರಣೆಗೆ ಫ್ಯಾಕ್ಟರ್ 8ರ ಲೆಕ್ಕ 24, 43, 66, 90 ಎಂದು ಮೆಟ್ಟಿಲೇರುತ್ತದೆ. ಹಾಗೆ ಏರುವ ವರದಿಯಲ್ಲಿ ಮೊದಲ ಅಂಕಿಯನ್ನು ಮಾತ್ರ ಬರೆದು ಕೊಡುವುದು ರೋಗಿಗೆ ಮಾಡುವ ಅನ್ಯಾಯ. ಫ್ಯಾಕ್ಟರ್ 8ನ್ನು ಕ್ರೋಮೋಜೆನಿಕ್ ಎಂಬ ಬಣ್ಣ ಆಧಾರಿತ ವಿಧಾನದಲ್ಲಿ ಅಳೆದರೂ ಈ ಅಡ್ಡಿ ಬಹುಮಟ್ಟಿಗೆ ತಪ್ಪುತ್ತದೆ.

ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಅನ್ನು ಖಚಿತಪಡಿಸುವ ಮುಖ್ಯ ಪರೀಕ್ಷೆಗೆ ಬಳಸುವುದು ನಮ್ಮ ತೊಗರಿ ಹೊಲಗಳಲ್ಲಿ ರೈತರು ಹೆದರುವ ಅದೇ ಕೊಳಕುಮಂಡಲ ಹಾವಿನ ಜಾತಿಯ ವಿಷ. ಆ ಹಾವು ಕಚ್ಚಿದವರ ರಕ್ತ ಗಾಜಿನ ಕೊಳವೆಯಲ್ಲಿ 20 ನಿಮಿಷವಾದರೂ ಹೆಪ್ಪುಗಟ್ಟದೆ ಉಳಿಯುವುದನ್ನು ನಮ್ಮ ಆಸ್ಪತ್ರೆಗಳಲ್ಲಿ ನೋಡಿದವರಿಗೆ ಆ ವಿಷದ ಶಕ್ತಿ ಗೊತ್ತು. ಅದು ಫ್ಯಾಕ್ಟರ್ 10ನ್ನು ನೇರವಾಗಿ ಎಬ್ಬಿಸುತ್ತದೆ. ಎಂಟು, ಒಂಬತ್ತು, ಹನ್ನೊಂದು, ಹನ್ನೆರಡರ ಹಂಗು ಅದಕ್ಕಿಲ್ಲ. ಆದ್ದರಿಂದ ತೆಳು ಮಾಡಿದ ವಿಷ ಮತ್ತು ಕಡಿಮೆ ಫಾಸ್ಫೋಲಿಪಿಡ್ ಬಳಸಿದಾಗ ಹೆಪ್ಪು ತಡವಾಗಿ, ಫಾಸ್ಫೋಲಿಪಿಡ್ ಹೆಚ್ಚಿಸಿದೊಡನೆ ಸರಿಹೋದರೆ, ತಪ್ಪು ಫ್ಯಾಕ್ಟರ್‌ಗಳದ್ದಲ್ಲ, ಪ್ರತಿಕಾಯದ್ದು ಎಂದು ತಿಳಿಯುತ್ತದೆ. ಇದರ ಜೊತೆಗೆ ಕಾರ್ಡಿಯೋಲಿಪಿನ್ ಪ್ರತಿಕಾಯ ಮತ್ತು ಬೀಟಾ-2 ಗ್ಲೈಕೋಪ್ರೋಟೀನ್ ಪ್ರತಿಕಾಯಗಳನ್ನೂ ನೋಡಬೇಕು. ಸೋಂಕು ಬಂದಾಗ ಇವು ಕೆಲಕಾಲ ಕಾಣಿಸಿಕೊಂಡು ಮರೆಯಾಗುವುದುಂಟು. ಅದಕ್ಕಾಗಿ ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಸಲ ಪಾಸಿಟಿವ್ ಬಂದರೆ ಮಾತ್ರ ರೋಗವೆಂದು ಹೆಸರಿಡುತ್ತಾರೆ.

ನಿಮ್ಮ ವಿಡಿಆರ್‌ಎಲ್ ವಿಷಯವನ್ನು ಮನೆಯವರೆಲ್ಲರೂ ಓದಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಆ ಪರೀಕ್ಷೆಯ ದ್ರಾವಣದಲ್ಲಿರುವ ಮುಖ್ಯ ಪದಾರ್ಥವೇ ಕಾರ್ಡಿಯೋಲಿಪಿನ್. ಕಾರ್ಡಿಯೋಲಿಪಿನ್ ವಿರುದ್ಧ ಸ್ವಪ್ರತಿಕಾಯ ಇರುವವರಲ್ಲಿ, ಲೈಂಗಿಕ ರೋಗದ ಸೋಂಕು ಇಲ್ಲದಿದ್ದರೂ, ಅದು ಪಾಸಿಟಿವ್ ತೋರಿಸಬಲ್ಲದು. ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ನೆಗೆಟಿವ್ ಬಂದರೆ ಆ ಅನುಮಾನಕ್ಕೆ ಆಧಾರವೇ ಉಳಿಯುವುದಿಲ್ಲ. ಅಂದು ಯಾರಾದರೂ ಈ ಎರಡನೆಯ ಪರೀಕ್ಷೆ ಮಾಡಿಸಿದ್ದರೆ ನೀವು ಮಗುವಿನ ದುಃಖದ ಮೇಲೆ ಆ ಅವಮಾನವನ್ನೂ ಹೊರಬೇಕಾಗುತ್ತಿರಲಿಲ್ಲ. ಮಗುವನ್ನು ಕಳೆದುಕೊಂಡ ಕಾರಣಕ್ಕೂ ಅಂದೇ ಸುಳಿವು ಸಿಗುತ್ತಿತ್ತು. ಮುಂದೆ ಗರ್ಭ ನಿಂತರೆ, ರೋಗ ಖಚಿತವಾದ ಪಕ್ಷದಲ್ಲಿ, ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದಿನ ಚಿಕಿತ್ಸೆಯಲ್ಲಿ ಬಹಳ ತಾಯಂದಿರು ಮಗುವನ್ನು ಮಡಿಲಿಗೆ ಪಡೆದಿದ್ದಾರೆ.

ಶಸ್ತ್ರಚಿಕಿತ್ಸೆಯ ಬಗ್ಗೆ: ಪರೀಕ್ಷೆಗಳು ಮುಗಿಯುವ ತನಕ ಪ್ಲಾಸ್ಮಾ ಏರಿಸಿಕೊಳ್ಳಬೇಡಿ. ಅಡ್ಡಿ ಪ್ರತಿಕಾಯದ್ದಾಗಿದ್ದರೆ ಪ್ಲಾಸ್ಮಾದಿಂದ 68 ಸೆಕೆಂಡ್ ಸರಿಹೋಗುವುದಿಲ್ಲ, ನಿಮಗೆ ಅದರ ಅಗತ್ಯವೂ ಇಲ್ಲ. ನಿಮ್ಮ ವಿಷಯದಲ್ಲಿ ಶಸ್ತ್ರವೈದ್ಯರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಶಸ್ತ್ರಚಿಕಿತ್ಸೆಯ ನಂತರ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು ಕಟ್ಟದಂತೆ. ಅಂದರೆ ಬೇಗ ಎಬ್ಬಿಸಿ ನಡೆದಾಡಿಸುವುದು, ಹೆಪಾರಿನ್ ಕೊಡುವುದು. ಹೆಪಾರಿನ್ ಪ್ರಮಾಣವನ್ನು ಅಳೆಯಬೇಕಾಗಿ ಬಂದರೆ ಎಪಿಟಿಟಿ ನಿಮ್ಮಲ್ಲಿ ನಂಬಿಕೆಗೆ ಅರ್ಹವಲ್ಲ, ಆ್ಯಂಟಿ-ಟೆನ್-ಎ ಪರೀಕ್ಷೆ ಬೇಕು. ಒಂದೇ ಒಂದು ಎಚ್ಚರಿಕೆ: ನಿಮ್ಮ ಪ್ರೋಥ್ರಾಂಬಿನ್ ಸಮಯವೂ (ಹೆಪ್ಪುಗಟ್ಟುವಿಕೆಯ ಇನ್ನೊಂದು ಪರೀಕ್ಷೆ) ಉದ್ದವಾಗಿದ್ದರೆ ಫ್ಯಾಕ್ಟರ್ 2ನ್ನು, ಅಂದರೆ ಪ್ರೋಥ್ರಾಂಬಿನ್ ಅನ್ನು, ತಪ್ಪದೆ ಅಳೆಸಿ. ಅಪರೂಪಕ್ಕೆ ಇದೇ ಗುಂಪಿನ ಪ್ರತಿಕಾಯಗಳು ಫ್ಯಾಕ್ಟರ್ 2ನ್ನು ರಕ್ತದಿಂದ ನಿಜವಾಗಿಯೇ ಕಳೆದುಹಾಕುತ್ತವೆ. ಆಗ ರಕ್ತಸ್ರಾವದ ಭಯ ಸುಳ್ಳಲ್ಲ. ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡಿಸಿ.

ಪ್ರಶ್ನೆ: ಭಾಲ್ಕಿಯಿಂದ ಬರೆಯುತ್ತಿದ್ದೇನೆ. ನನ್ನ ತಂದೆಗೆ 67 ವರ್ಷ. ಹತ್ತು ದಿನಗಳಿಂದ ತೋಳು, ತೊಡೆಯ ಮೇಲೆ ಪೆಟ್ಟಿಲ್ಲದೆಯೇ ಅಂಗೈ ಅಗಲ ಕಪ್ಪುಗಟ್ಟುತ್ತಿದೆ. ಎಪಿಟಿಟಿ 90 ಸೆಕೆಂಡ್, ಫ್ಯಾಕ್ಟರ್ 8 ಶೇ. 3, ಉಳಿದ ಫ್ಯಾಕ್ಟರ್‌ಗಳು ಸರಿ ಇವೆ. ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ‘ಇರಬಹುದು’ ಎಂದು ಬರೆದಿದ್ದಾರೆ. ಅದಿದ್ದರೆ ಭಯವಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಮೂರು ತಿಂಗಳು ಕಾಯಬಹುದೇ?

ಉತ್ತರ: ಮೂರು ದಿನವೂ ಕಾಯಬೇಡಿ. ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವ ಮೊದಲೇ ನೇರವಾಗಿ ಉತ್ತರ ಕಳಿಸಿದ್ದೇನೆ. ಇಂಥ ಸ್ಥಿತಿ ಬೇರೆ ಮನೆಗಳಲ್ಲೂ ಬರಬಹುದೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಮೇಲಿನ ಸೋದರಿಯಲ್ಲಿ ನಾಲ್ಕು ಫ್ಯಾಕ್ಟರ್ ಕಡಿಮೆ, ರಕ್ತಸ್ರಾವ ಇಲ್ಲ. ನಿಮ್ಮ ತಂದೆಯಲ್ಲಿ ಒಂದೇ ಫ್ಯಾಕ್ಟರ್ ಕಡಿಮೆ, ಚರ್ಮದ ಕೆಳಗೆ ರಕ್ತ ಹರಡುತ್ತಿದೆ. ಇಳಿವಯಸ್ಸಿನಲ್ಲಿ ಹೀಗಾದರೆ ಮೊದಲು ಸಂಶಯಿಸಬೇಕಾದದ್ದು ಗಳಿಸಿದ ಹಿಮೋಫಿಲಿಯಾ, ಅಂದರೆ ಫ್ಯಾಕ್ಟರ್ 8ರ ಮೇಲೆಯೇ ಎರಗಿ ಅದನ್ನು ನಿಷ್ಕ್ರಿಯಗೊಳಿಸುವ ಸ್ವಪ್ರತಿಕಾಯ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವಷ್ಟು ಅಪರೂಪವಾದರೂ ಪ್ರಾಣಕ್ಕೆ ಅಪಾಯ ತರುವ ರೋಗ ಇದು. ವಯಸ್ಸಾದವರಲ್ಲಿ ಮತ್ತು ಹೆರಿಗೆಯ ನಂತರದ ತಿಂಗಳುಗಳಲ್ಲಿ ತಾಯಂದಿರಲ್ಲಿ ಕಾಣುತ್ತದೆ. ಸುಮಾರು ಅರ್ಧ ಮಂದಿಯಲ್ಲಿ ಕಾರಣವೇ ಸಿಗುವುದಿಲ್ಲ, ಉಳಿದವರಲ್ಲಿ ಲೂಪಸ್‌ನಂಥ ರೋಗ, ಕ್ಯಾನ್ಸರ್ ಅಥವಾ ಯಾವುದೋ ಔಷಧ ಹಿಂದೆ ಇರುತ್ತದೆ.

ಈ ರೋಗ ಮತ್ತು ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಎರಡನ್ನೂ ಬೇರ್ಪಡಿಸಲು ರೋಗಿಯ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾವನ್ನು ಸಮಸಮವಾಗಿ ಬೆರೆಸಿ ನೋಡುತ್ತಾರೆ. ಬರೀ ಕೊರತೆಯಾಗಿದ್ದರೆ ಸಮಯ ಸರಿಹೋಗುತ್ತದೆ. ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಆಗಿದ್ದರೆ ಬೆರೆಸಿದ ಕೂಡಲೇ ಅಳೆದರೂ ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಫ್ಯಾಕ್ಟರ್ 8ರ ಪ್ರತಿಕಾಯ ಮಾತ್ರ ನಿಧಾನವಾಗಿ ಕೆಲಸ ಮಾಡುವಂಥದ್ದು: ಬೆರೆಸಿದಾಗ ಸರಿಹೋದಂತೆ ಕಂಡು, 37 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಉದ್ದವಾಗುತ್ತದೆ. ಆ ಎರಡು ಗಂಟೆ ಕಾಯದೆ ವರದಿ ಬರೆದರೆ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ. ಪ್ರತಿಕಾಯದ ಬಲವನ್ನು ಬೆಥೆಸ್ಡಾ ಯೂನಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಯೂನಿಟ್ ಎಂದರೆ ಅರ್ಧದಷ್ಟು ಫ್ಯಾಕ್ಟರ್ 8ನ್ನು ಅಳಿಸುವ ಬಲ. ಇಲ್ಲಿ ಶೇ. 3 ಇದೆ, ಸೊನ್ನೆ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಈ ರೋಗದಲ್ಲಿ ಉಳಿದಿರುವ ಫ್ಯಾಕ್ಟರ್ ಮಟ್ಟ ನೋಡಿ ರಕ್ತಸ್ರಾವ ಎಷ್ಟಾದೀತೆಂದು ಊಹಿಸಲು ಬರುವುದಿಲ್ಲ.

ತಂದೆಯವರಿಗೆ ಸ್ನಾಯುವಿಗೆ ಸೂಜಿ ಚುಚ್ಚಿಸಬೇಡಿ, ನೋವಿಗೆಂದು ಆಸ್ಪಿರಿನ್ ಅಥವಾ ಡೈಕ್ಲೋಫೆನಾಕ್ ಕೊಡಬೇಡಿ, ಕಪ್ಪುಗಟ್ಟಿದ ಕಡೆ ತಿಕ್ಕಿಸಬೇಡಿ, ಕೊಯ್ದು ರಕ್ತ ತೆಗೆಸಲಂತೂ ಬೇಡವೇ ಬೇಡ. ರಕ್ತರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ, ಅದು ಹೈದರಾಬಾದಾಗಲಿ ಬೆಂಗಳೂರಾಗಲಿ, ವರದಿಗಳನ್ನೆಲ್ಲ ಹಿಡಿದು ಹೋಗಿ. ಪ್ರತಿಕಾಯ ಬಲವಾಗಿದ್ದರೆ ಸಾಮಾನ್ಯ ಫ್ಯಾಕ್ಟರ್ 8 ಏರಿಸಿದರೂ ಅದು ನಾಶವಾಗಿ ಹೋಗುತ್ತದೆ. ಆಗ ಫ್ಯಾಕ್ಟರ್ 8ರ ಮೆಟ್ಟಿಲನ್ನೇ ದಾಟಿ ಕೆಲಸ ಮಾಡುವ ಫ್ಯಾಕ್ಟರ್ 7-ಎ ಅಥವಾ ಸಕ್ರಿಯ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕೊಡುತ್ತಾರೆ. ಪ್ರತಿಕಾಯದ ಉತ್ಪತ್ತಿಯನ್ನು ನಿಲ್ಲಿಸಲು ಸ್ಟೀರಾಯ್ಡ್, ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ಬೇಕಾಗಬಹುದು. ಗುಣವಾಗಲು ವಾರಗಳೇ ಹಿಡಿಯುತ್ತವೆ. ಆದರೂ ಬಹಳ ಮಂದಿ ಗುಣವಾಗುತ್ತಾರೆ. ಮತ್ತೆ ಮರುಕಳಿಸುವುದೂ ಇರುವುದರಿಂದ ಫ್ಯಾಕ್ಟರ್ 8ನ್ನು ಮುಂದೆಯೂ ಆಗಾಗ ಅಳೆಸುತ್ತಿರಬೇಕು.

ಪ್ರಶ್ನೆ: ಆಳಂದದವನು, 40 ವರ್ಷ. ಎರಡು ವಾರಗಳ ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿತು. ಈಗ ಫ್ಯಾಕ್ಟರ್ 8 ಶೇ. 240 ಎಂದು ಬಂದಿದೆ. ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ?

ಉತ್ತರ: ಅಲ್ಲ. ಶೇ. 150ಕ್ಕಿಂತ ಮೇಲೆ ಸದಾ ಇರುವವರಲ್ಲಿ ರಕ್ತನಾಳದ ಹೆಪ್ಪಿನ ಅಪಾಯ ಹೆಚ್ಚು. ಆದರೆ ಜ್ವರ, ಗಾಯ, ಗರ್ಭ, ಹೊಸದಾಗಿ ಕಟ್ಟಿದ ಹೆಪ್ಪು ಇವೆಲ್ಲವೂ ಫ್ಯಾಕ್ಟರ್ 8ನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಎರಡು ವಾರದ ವರದಿಯಿಂದ ಏನನ್ನೂ ತೀರ್ಮಾನಿಸಬಾರದು. ಮೂರರಿಂದ ಆರು ತಿಂಗಳ ನಂತರ, ಮೈ ಆರಾಮಾಗಿರುವಾಗ ಮತ್ತೆ ಅಳೆಸಿ. ಇನ್ನೊಂದು ಮಾತು: ಇಷ್ಟು ಹೆಚ್ಚಿನ ಫ್ಯಾಕ್ಟರ್ 8 ಎಪಿಟಿಟಿಯನ್ನು ಚುರುಕುಗೊಳಿಸಿ, ಒಳಗಿರುವ ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಅನ್ನು ಮರೆಮಾಡಬಲ್ಲದು. ಎಪಿಟಿಟಿ ಸರಿ ಇದೆ ಎಂಬ ಒಂದೇ ಕಾರಣಕ್ಕೆ ಪ್ರತಿಕಾಯ ಪರೀಕ್ಷೆ ಬೇಡವೆನ್ನಬೇಡಿ.

ಪ್ರಶ್ನೆ: ಕಲಬುರಗಿ ನಗರದವಳು. ಫಾಸ್ಫೋಲಿಪಿಡ್ ವಿರೋಧಿ ಮೂರು ಪ್ರತಿಕಾಯಗಳೂ ಪಾಸಿಟಿವ್. ಹೆಪ್ಪು ತಡೆಯುವ ಅಸಿನೋಕೌಮರಾಲ್ ಮಾತ್ರೆಯಲ್ಲಿದ್ದೇನೆ. ಬೆರಳು ಚುಚ್ಚುವ ಯಂತ್ರದಲ್ಲಿ ಮಾತ್ರೆಯ ಪರಿಣಾಮ ತೋರಿಸುವ ಐಎನ್‌ಆರ್ 4.8 ಬಂತು, ಅದೇ ದಿನ ಪ್ರಯೋಗಾಲಯದಲ್ಲಿ 2.6. ಯಾವುದನ್ನು ನಂಬಲಿ? ಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆಗೆ ಬದಲಾಯಿಸಬಹುದೇ? ಪುಂಡಿಪಲ್ಯ ಬಿಡಬೇಕೇ?

ಉತ್ತರ: ಪ್ರಯೋಗಾಲಯದ 2.6ನ್ನು ನಂಬಿ, ನಿಮಗೆ ಬೇಕಾದದ್ದು 2ರಿಂದ 3ರ ನಡುವಿನ ಮಟ್ಟ. ಬೆರಳಿನ ಯಂತ್ರದಲ್ಲೂ ಫಾಸ್ಫೋಲಿಪಿಡ್ ಇರುವುದರಿಂದ ನಿಮ್ಮ ಪ್ರತಿಕಾಯ ಅಲ್ಲಿಯೂ ಅಡ್ಡಬಂದು ಅಂಕಿಯನ್ನು ಹಿಗ್ಗಿಸುತ್ತದೆ. ಆ 4.8 ನೋಡಿ ಮಾತ್ರೆ ಕಡಿಮೆ ಮಾಡಿದ್ದರೆ ಹೆಪ್ಪಿಗೆ ಬಾಗಿಲು ತೆರೆದಂತಾಗುತ್ತಿತ್ತು. ಪ್ರಯೋಗಾಲಯದ ಅಂಕಿಯ ಮೇಲೂ ಸಂಶಯ ಬಂದರೆ ಕ್ರೋಮೋಜೆನಿಕ್ ಫ್ಯಾಕ್ಟರ್ 10 ಅಳೆಸಬಹುದು; ಅದಕ್ಕೆ ಪ್ರತಿಕಾಯ ಅಡ್ಡಬರುವುದಿಲ್ಲ. ಈ ಮಾತ್ರೆ ಎರಡು, ಏಳು, ಒಂಬತ್ತು, ಹತ್ತು ಈ ನಾಲ್ಕು ಫ್ಯಾಕ್ಟರ್‌ಗಳನ್ನು ನಿಜವಾಗಿ ತಗ್ಗಿಸುತ್ತದೆ. ಫ್ಯಾಕ್ಟರ್ 10 ಸುಮಾರು ಶೇ. 20ರಿಂದ 40ರಷ್ಟಿದ್ದರೆ ಅದು ಐಎನ್‌ಆರ್ 2-3ಕ್ಕೆ ಸಮ. ಇದೇ ಕೊರತೆ ಮೇಲಿನ ಶಿಕ್ಷಕಿಯಲ್ಲಿ ಸುಳ್ಳು, ನಿಮ್ಮಲ್ಲಿ ನಿಜ, ನಿಮಗೆ ಬೇಕಾದದ್ದೂ ಅದೇ.

ಹೊಸ ಮಾತ್ರೆಯ ಬಗ್ಗೆ ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂದೇ. ಮೂರೂ ಪ್ರತಿಕಾಯಗಳಿರುವ 120 ರೋಗಿಗಳಲ್ಲಿ ಅಂಥ ಹೊಸ ಮಾತ್ರೆಯಾದ ರಿವರಾಕ್ಸಬಾನ್ ಮತ್ತು ನಿಮ್ಮ ಮಾತ್ರೆಯ ಗುಂಪಿನದೇ ಆದ ವಾರ್ಫರಿನ್ ಹೋಲಿಸಿ ಇಟಲಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವನ್ನು, ರಿವರಾಕ್ಸಬಾನ್ ಪಡೆದವರಲ್ಲಿ ಪಾರ್ಶ್ವವಾಯು, ಹೃದಯಾಘಾತ ಹೆಚ್ಚಾದ ಕಾರಣ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಪುಂಡಿಪಲ್ಯ ಬಿಡಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುವುದು ನಿಜ, ಆದರೆ ತೊಂದರೆ ಕೊಡುವುದು ಏರುಪೇರು. ರೊಟ್ಟಿಯ ಜೊತೆ ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ತಿನ್ನಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಎರಡು ಮೂರು ದಿನ ಭಜ್ಜಿ ಪಲ್ಯ ಹೆಚ್ಚು ಉಂಡರೆ, ಅಥವಾ ಶ್ರಾವಣದಲ್ಲಿ ಉಪವಾಸ ಹಿಡಿದರೆ, ಅದಾದ ವಾರದೊಳಗೆ ಒಮ್ಮೆ ಐಎನ್‌ಆರ್ ನೋಡಿಸಿ. ಗರ್ಭಧಾರಣೆಯ ಯೋಚನೆಯಿದ್ದರೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಶಿಶುವಿಗೆ ಹಾನಿ ಮಾಡುತ್ತದೆ, ಹೆಪಾರಿನ್‌ಗೆ ಬದಲಾಗಬೇಕು.

ಪ್ರಶ್ನೆ: ಸುರಪುರದ ಪ್ರಯೋಗಾಲಯ ತಂತ್ರಜ್ಞ. ನಮ್ಮಲ್ಲಿ ಎಪಿಟಿಟಿ ಉದ್ದ ಬಂದವರ ಮಾದರಿಯನ್ನು ಬಸ್ಸಿನಲ್ಲಿ ದೊಡ್ಡ ಊರಿಗೆ ಕಳಿಸುತ್ತೇವೆ. ಅಲ್ಲಿಂದ ಬರುವ ಫ್ಯಾಕ್ಟರ್ ವರದಿಗಳು ಒಂದಕ್ಕೊಂದು ಹೊಂದುವುದಿಲ್ಲ. ತಪ್ಪು ಎಲ್ಲಿ?

ಉತ್ತರ: ನೀವು ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬಾ ಸಂತೋಷವಾಯಿತು, ಏಕೆಂದರೆ ಮೇಲಿನ ಎಷ್ಟೋ ಗೊಂದಲಗಳು ಹುಟ್ಟುವುದೇ ರಕ್ತ ತೆಗೆಯುವ ಮೇಜಿನ ಮೇಲೆ. ನೀಲಿ ಮುಚ್ಚಳದ ಕೊಳವೆಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ ಇರಲೇಬೇಕು. ಗೆರೆಗಿಂತ ಕಡಿಮೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಎಪಿಟಿಟಿ ತಾನಾಗಿ ಉದ್ದವಾಗುತ್ತದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಶೇ. 55ಕ್ಕಿಂತ ಮೇಲಿರುವವರಿಗೆ ಸಿಟ್ರೇಟನ್ನೇ ಕಡಿಮೆ ಮಾಡಬೇಕು. ಹೆಪಾರಿನ್ ಹೋಗುತ್ತಿರುವ ನಳಿಕೆಯಿಂದ ರಕ್ತ ಎಳೆಯಬೇಡಿ.

ಇಡೀ ರಕ್ತವನ್ನು ಬಸ್ಸಿಗೆ ಹಾಕುವುದೇ ನಿಮ್ಮ ಮುಖ್ಯ ತಪ್ಪಿರಬೇಕು. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಫ್ಯಾಕ್ಟರ್ 5 ಮತ್ತು 8 ಬೇಗನೆ ಕ್ಷೀಣಿಸುತ್ತವೆ. ಹಾಗೆಂದು ಇಡೀ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟರೂ ಫ್ಯಾಕ್ಟರ್ 8 ಕಡಿಮೆಯಾಗುತ್ತದೆ. ರಕ್ತ ತೆಗೆದ ಕೂಡಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಿ, ಆ ಪ್ಲಾಸ್ಮಾವನ್ನು ಬೇರೆ ಪ್ಲಾಸ್ಟಿಕ್ ಕೊಳವೆಗೆ ತೆಗೆದು ಎರಡನೆಯ ಸಲ ತಿರುಗಿಸಿ, ತಳದ ಅಂಶವನ್ನು ಮುಟ್ಟದೆ ಮೇಲಿನದನ್ನು ಮಾತ್ರ ಎತ್ತಿಕೊಳ್ಳಿ. ಎರಡನೆಯ ಸಲ ತಿರುಗಿಸುವುದನ್ನು ಬಹಳ ಮಂದಿ ಕಾಲಹರಣವೆಂದು ಬಿಡುತ್ತಾರೆ. ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್ ಉಳಿದರೆ ಘನೀಕರಿಸಿ ಕರಗಿಸುವಾಗ ಅವು ಒಡೆದು ಫಾಸ್ಫೋಲಿಪಿಡ್ ಬಿಡುತ್ತವೆ, ಪ್ರತಿಕಾಯ ಅದಕ್ಕೆ ಅಂಟಿಕೊಂಡು ಮರೆಯಾಗುತ್ತದೆ, ಪಾಸಿಟಿವ್ ಆಗಬೇಕಾದ ರೋಗಿ ನೆಗೆಟಿವ್ ಆಗಿ ಮನೆಗೆ ಹೋಗುತ್ತಾಳೆ. ಪ್ಲೇಟ್‌ಲೆಟ್ ಮೈಕ್ರೋಲೀಟರಿಗೆ 10,000ಕ್ಕಿಂತ ಕಡಿಮೆ ಇರಬೇಕು. ನಾಲ್ಕು ಗಂಟೆಯೊಳಗೆ ಪರೀಕ್ಷೆ ಆಗದಿದ್ದರೆ ಪ್ಲಾಸ್ಮಾವನ್ನು ಚಿಕ್ಕ ಚಿಕ್ಕ ಕೊಳವೆಗಳಲ್ಲಿ ಘನೀಕರಿಸಿ, ಡ್ರೈ ಐಸ್‌ನಲ್ಲಿ ಕಳಿಸಿ. ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾದರಿಯನ್ನು ಬಳಸಬಾರದೆಂದು ಚೀಟಿಯ ಮೇಲೆ ಬರೆಯಿರಿ. ಅದೇ ಚೀಟಿಯಲ್ಲಿ ರೋಗಿ ಹೆಪಾರಿನ್, ಅಸಿನೋಕೌಮರಾಲ್ ಅಥವಾ ರಿವರಾಕ್ಸಬಾನ್ ತೆಗೆದುಕೊಳ್ಳುತ್ತಿದ್ದಾರೆಯೇ, ಕೊನೆಯ ಪ್ರಮಾಣ ಎಷ್ಟು ಗಂಟೆಗೆ ತೆಗೆದುಕೊಂಡರು, ಅವರಿಗೆ ರಕ್ತಸ್ರಾವ ಇದೆಯೇ ಇಲ್ಲವೇ ಎಂಬ ಮೂರು ಸಾಲುಗಳನ್ನು ತಪ್ಪದೆ ಸೇರಿಸಿ.